ಟ್ರೈಪಾಡಿಗೆ ಕೊಟ್ಟ ಬುತ್ತಿಚೀಲ

ಹುಬ್ಬಳ್ಳಿಯ ಕ್ಯಾಮೆರಾ ಅಂಗಡಿಯಲ್ಲಿ ಕೆಲಸಕ್ಕಿದ್ದ ರೇವಕ್ಕ ದೇಶ ಸುತ್ತುವವರಿಗೆ ಸಾಮಾನು ಮಾರಿದವಳೇ ಹೊರತು ಧಾರವಾಡ ದಾಟಿದವಳಲ್ಲ. ಗೋಡೆಯ ಮೇಲಿನ ಲಡಾಖಿನ ಚಿತ್ರವನ್ನು ದಿನಾ ಸೆರಗಿನಿಂದ ಒರೆಸುತ್ತಿದ್ದಳು. ಧೂಳು ಹೋದ ಮೇಲೂ ಒರೆಸುತ್ತಲೇ ಇರುತ್ತಿದ್ದಳು.

ಆ ಲಡಾಖಿಗೇ ಹೊರಟಿದ್ದ ದೇಸಾಯಿ ಬಾಯಾರು ಗೆಳತಿಯರ ದಂಡು ಕಟ್ಟಿಕೊಂಡು ಅಂಗಡಿಗೆ ಬಂದರು.

"ಕ್ಯಾಮೆರಾ ನಿಲ್ಲಸೋ ಟ್ರೈಪಾಡ್ ಬೇಕು. ಮಡಚಿದ್ರ ಕೈಚೀಲದಾಗ ಕೂಡಬೇಕು, ಬಿರುಗಾಳಿಗೂ ಅಳ್ಳಾಡಬಾರದು. ಭಾರ ಹೊರೋದು ನಮ್ಮ ಮನೆತನದಾಗ ಇಲ್ಲ. ಆಗಂಗಿಲ್ಲ ಅಂದ್ರ ಮಾಲಕರಿಗೆ ಹೇಳಿ ನಿನ್ನ ಕೆಲಸ ಬಿಡಸ್ತೀನಿ!"

ರೇವಕ್ಕ ಎಲ್ಲಕ್ಕಿಂತ ಹಗುರವಾದದ್ದನ್ನು ತೆಗೆದು, ಅದರ ನಡುವಿನ ಕೊಕ್ಕೆಗೆ ತನ್ನ ಬುತ್ತಿಚೀಲ ನೇತುಹಾಕಿದಳು.

"ಅಲ್ಲಿಗೆ ಹೋದ ಮ್ಯಾಲ ಇದರಾಗ ಕಲ್ಲು ತುಂಬ್ರಿ, ಅಳ್ಳಾಡಂಗಿಲ್ಲ. ಚೀಲಕ್ಕ ರೊಕ್ಕ ಬ್ಯಾಡ. ತುಂಬಿದ್ದು ತುಂಬಿದ್ಹಂಗ ವಾಪಸ್ ತಂದುಕೊಡ್ರಿ, ಸಾಕು."

"ಅಷ್ಟೇ ಏನು? ದೇಸಾಯರು ಮಾತು ಕೊಟ್ರ ಮುಗೀತು!" ಎಂದರು ಬಾಯಾರು, ಗೆಳತಿಯರಿಗೆಲ್ಲ ಕೇಳುವಂತೆ.

ಪ್ರವಾಸ ಮುಗಿದು ಬಂದ ದಿನ ಚೀಲ ಗಲ್ಲಾದ ಮೇಲೆ ಧಡ್ಡನೆ ಬಿತ್ತು.

"ಫೋಟೋ ಭಾಳ ಚಲೋ ಬಂದಾವ. ಆದ್ರ ಇದನ್ನ ಹೊತ್ತೂ ಹೊತ್ತೂ ಹೆಗಲು ಬಿದ್ದು ಹೋತು! ಏನು ಮಾಡ್ತೀಯವ್ವಾ ಈ ಕಲ್ಲು?"

ರೇವಕ್ಕ ಒಂದನ್ನು ತೆಗೆದು ಕೆನ್ನೆಗೆ ಒತ್ತಿಕೊಂಡಳು.

"ನಾ ಹೋಗಲಾರದ ಊರ್ರೀ ಬಾಯಾರ. ಅದಕ್ಕ ಆ ಊರನ್ನ ನಿಮ್ಮ ಹೆಗಲ ಮ್ಯಾಲ ಕರಸ್ಕೊಂಡೆ."