ಪೆಡಲಿಗೆ ಕಟ್ಟಿದ ಚೆಂಡು ಹೂವು

"ವಸ್ತಾದರೇ, ಮೈಯಲ್ಲಿ ನೋವಿಲ್ಲ, ಮೂಳೆ ಕೂಡಿದೆ, ಹಾಲು ತುಪ್ಪಕ್ಕೆ ಕಡಿಮೆಯಿಲ್ಲ. ಆದರೂ ಒಮ್ಮೆ ಬಿದ್ದ ಮೇಲೆ ನನ್ನ ಬಲ ಎಲ್ಲಿ ಹೋಯಿತು?"

ಗರಡಿಯ ಬಾಗಿಲಲ್ಲಿ ನಿಂತು ಶಿಷ್ಯ ಭರಮ ಕುಸ್ತಿ ಕಲಿಸುವ ಗುರುವನ್ನು ಕೇಳಿದ. ಹಿಂದೊಮ್ಮೆ ಕುಸ್ತಿಯಲ್ಲಿ ಬಿದ್ದು ಎಡ ಪಕ್ಕೆ ಮುರಿದುಕೊಂಡಿದ್ದ. ಪಕ್ಕೆ ಎಂದೋ ವಾಸಿಯಾಯಿತು. ಆದರೆ ಆಮೇಲೆ ಹಿಡಿದ ಕುಸ್ತಿಗಳಲ್ಲೆಲ್ಲ ಸೋಲೇ. ಈಗ ಲಂಗೋಟಿ, ಬಟ್ಟೆ ಎಲ್ಲ ಗಂಟು ಕಟ್ಟಿ ಬಲಗೈಯಲ್ಲಿ ಹಿಡಿದಿದ್ದ. ಎಡ ಮೊಣಕೈ ಪಕ್ಕೆಗೆ ಆತುಕೊಂಡಿತ್ತು.

"ನಿಮ್ಮ ಪಟ್ಟುಗಳು ನನಗೆ ಹೊಂದುತ್ತಿಲ್ಲವೇನೋ. ಬೇರೆ ಗರಡಿಗೆ ಹೋಗಲು ಅಪ್ಪಣೆ ಕೊಡಿ" ಎಂದ.

"ಹೊರಟವನನ್ನು ಹಿಡಿದು ನಿಲ್ಲಿಸುವ ಪಟ್ಟು ನಾನು ಕಲಿತಿಲ್ಲ. ಒಂದು ಕತೆ ಇದೆ, ಕೇಳಿಕೊಂಡು ಹೋಗು" ಎಂದು ವಸ್ತಾದರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಹಳ್ಳಿಯ ಹುಡುಗ. ಎತ್ತಿನ ಗಾಡಿಯ ಕೀಲು ಬಿಚ್ಚಿ ಪಳಗಿದ ಕೈ ಬೈಕಿನ ಮೇಲೂ ಚೆನ್ನಾಗಿ ಓಡುತ್ತಿತ್ತು. ಹತ್ತೂರಿನಲ್ಲಿ ತನ್ನಂಥ ಕೈ ಇಲ್ಲ ಎಂದು ಅವನೇ ಹೇಳುತ್ತಿದ್ದ. ಯಾರೂ ಎದುರಾಡುತ್ತಿರಲಿಲ್ಲ, ಎದುರಾಡುವವರ ಬೈಕೂ ಅವನ ಅಂಗಡಿಯಲ್ಲೇ ಬಿಚ್ಚಿಕೊಂಡು ಬಿದ್ದಿರುತ್ತಿತ್ತು.

ಒಂದು ದಿನ ಒಬ್ಬ ಹೂವಿನ ವ್ಯಾಪಾರಿ ಬಂದ. ತಿರುವಿನಲ್ಲಿ ಮರಳಿನ ಮೇಲೆ ಬೈಕು ಜಾರಿ ಬಿದ್ದಿದ್ದ. ದೊಡ್ಡ ಪೆಟ್ಟೇನಲ್ಲ. ಅವನ ಮಂಡಿ ತರಚಿತ್ತು, ಬೈಕಿನ ಬ್ರೇಕ್ ಪೆಡಲ್ ಒಳಕ್ಕೆ ಬಾಗಿತ್ತು. ಆದರೆ ದಿನಾ ಬೆಳಗ್ಗೆ ಹೂವಿನ ಬುಟ್ಟಿ ಹೇರಿಕೊಂಡು ಗುಡ್ಡದ ಇಳಿಜಾರು ಇಳಿದೇ ಅವನು ಪೇಟೆ ಸೇರಬೇಕು. ಇಳಿಜಾರಿನ ತುದಿಗೆ ಕೆರೆ. ಅಲ್ಲಿ ಬ್ರೇಕು ಹಿಡಿಯದಿದ್ದರೆ ಹೂವೂ ಇಲ್ಲ, ವ್ಯಾಪಾರಿಯೂ ಇಲ್ಲ.

ಮೆಕ್ಯಾನಿಕ್ ಪೆಡಲನ್ನು ನೆಟ್ಟಗೆ ಮಾಡಿದ. ಹಿಂದಿನ ಚಕ್ರ ಬಿಚ್ಚಿ ಬ್ರೇಕ್ ಡ್ರಮ್ಮಿನ ಧೂಳು ಒರೆಸಿದ, ಸ್ಪ್ರಿಂಗು ಎಳೆದು ನೋಡಿದ. ಚಕ್ರವನ್ನು ಕೈಯಿಂದ ತಿರುವಿದರೆ ಸಲೀಸಾಗಿ ತಿರುಗಿತು. ಪೆಡಲಿಗೆ ಕಾಲು ತಾಗಿಸಿದರೆ ಹಿಂದೆ ಕೆಂಪು ದೀಪ ಹತ್ತಿತು, ತೆಗೆದರೆ ಆರಿತು. ತಾನೇ ಏರಿ ಇಳಿಜಾರು ಇಳಿದು ಬಂದು ಡ್ರಮ್ ಮುಟ್ಟಿ ನೋಡಿದ. ಬಿಸಿ ಹೆಚ್ಚೇನೂ ಇರಲಿಲ್ಲ.

"ಸಾವುಕಾರ್ರೇ, ನಿಮ್ಮ ಬ್ರೇಕು ಈಗ ಹೊಸ ಮದುವೆ ಗಂಡಿದ್ದ ಹಾಗೆ. ನಿಲ್ಲು ಅಂದ ಕಡೆ ನಿಲ್ಲುತ್ತೆ" ಎಂದು ಕಳಿಸಿದ.

ಮರುದಿನ ವ್ಯಾಪಾರಿ ಬೈಕು ತಳ್ಳಿಕೊಂಡು ಬಂದ. ಚಕ್ರದಿಂದ ಸುಟ್ಟ ವಾಸನೆ ಬರುತ್ತಿತ್ತು. ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಬೇಲಿಗೆ ನುಗ್ಗಿಸಿ ಜೀವ ಉಳಿಸಿಕೊಂಡಿದ್ದ. ಮೆಕ್ಯಾನಿಕ್ ಡ್ರಮ್ಮಿನ ಮೇಲೆ ನೀರು ಚಿಮುಕಿಸಿದ. ಕಾದ ಕಾವಲಿಯಂತೆ ಚುರ್ ಎಂದಿತು. ಬಿಚ್ಚಿದರೆ ಡ್ರಮ್ಮಿಗೆ ಒತ್ತುವ ಬ್ರೇಕ್ ಶೂಗಳು ಸವೆದು ಗಾಜಿನ ಹಾಗೆ ಹೊಳೆಯುತ್ತಿದ್ದವು. ಹೊಸ ಶೂ ಹಾಕಿದ. ತಾನು ಓಡಿಸಿದರೆ ಮತ್ತೆ ಎಲ್ಲ ಸರಿ. ವ್ಯಾಪಾರಿ ಓಡಿಸಿಕೊಂಡು ಹೋದರೆ ಮತ್ತೆ ಹೊಗೆ.

ವ್ಯಾಪಾರಿ ಅಂಗಡಿಯ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದ. "ಇವನಿಗೆ ಕೈಯಿಲ್ಲ ಕಣ್ರಪ್ಪಾ, ಬಾಯಿದೆ! ಬಾಯಲ್ಲೇ ಬ್ರೇಕು ಕಟ್ಟುತ್ತಾನೆ!"

ಜನ ಸೇರಿದರು. ಎದುರಿನ ಚಹಾದಂಗಡಿಯವನು, "ಮೇಸ್ತ್ರೀ, ಎಲ್ಲ ಆಯ್ತು. ಇನ್ನು ನಿಂಬೆಹಣ್ಣು ಕಟ್ಟಿ ನೋಡು" ಎಂದ. ಎಲ್ಲರೂ ನಕ್ಕರು.

ಮೆಕ್ಯಾನಿಕ್ಕನ ಕಿವಿ ಕೆಂಪಾಯಿತು. ಆದರೆ ಅವನ ಗಂಟಲು ತಗ್ಗಲಿಲ್ಲ. "ಈ ಬೈಕಿನಲ್ಲಿ ಒಂದು ದೋಷ ಉಳಿದಿದ್ದರೆ ಬೋರ್ಡು ಇಳಿಸಿ ಎಮ್ಮೆ ಕಾಯಲು ಹೋಗುತ್ತೇನೆ!"

ಹೇಳಿಬಿಟ್ಟ. ಹೇಳಿದ ಮೇಲೆ ಯೋಚನೆಗೆ ಬಿದ್ದ. ಬೈಕು ಅದೇ, ದಾರಿ ಅದೇ. ನಾನು ಕೂತರೆ ತಣ್ಣಗಿದೆ, ಇವನು ಕೂತರೆ ಸುಡುತ್ತದೆ. ಹಾಗಾದರೆ ನಾನು ಬಿಚ್ಚಿ ನೋಡದೆ ಬಿಟ್ಟದ್ದು ಒಂದೇ: ಮೇಲೆ ಕೂರುವವನನ್ನು.

"ಸಾವುಕಾರ್ರೇ, ನೀವು ಓಡಿಸಿ. ನಾನು ಇನ್ನೊಂದು ಬೈಕಿನಲ್ಲಿ ಹಿಂದೆ ಬರುತ್ತೇನೆ" ಎಂದ.

ಊರ ಹೊರಗಿನ ದಾರಿ ಸಮವಾಗಿತ್ತು, ಖಾಲಿಯಾಗಿತ್ತು. ಒಂದು ನಾಯಿಯೂ ಅಡ್ಡ ಬರಲಿಲ್ಲ. ಆದರೂ ಮುಂದಿನ ಬೈಕಿನ ಕೆಂಪು ದೀಪ ಹೊರಟಲ್ಲಿಂದ ಆರಲೇ ಇಲ್ಲ. ಅದನ್ನು ನೋಡಿ ಮೆಕ್ಯಾನಿಕ್ ಹೆಲ್ಮೆಟ್ಟಿನೊಳಗೇ ನಕ್ಕ.

ಅಂಗಡಿಗೆ ಮರಳಿದ ಮೇಲೆ, "ಗಾಡಿ ಓಡುವಷ್ಟು ಹೊತ್ತೂ ನಿಮ್ಮ ಕಾಲು ಬ್ರೇಕಿನ ಮೇಲೇ ಇದೆ. ಅದಕ್ಕೇ ಸುಡುತ್ತಿದೆ, ಸುಟ್ಟದ್ದು ಇಳಿಜಾರಿನಲ್ಲಿ ಹಿಡಿಯುತ್ತಿಲ್ಲ" ಎಂದ.

"ಯಾರದು, ನನ್ನ ಕಾಲೇ? ಮೀಸೆ ಬರುವ ಮೊದಲೇ ಬೈಕು ಹತ್ತಿದವನು ನಾನು! ನಿನ್ನ ತಪ್ಪಿಗೆ ನನ್ನ ಕಾಲು ಹಿಡಿಯಬೇಡ."

"ಕಾಲು ಹಿಡಿಯುವ ಜಾಯಮಾನ ನನ್ನದಲ್ಲ" ಎಂದು ಮೆಕ್ಯಾನಿಕ್ ವ್ಯಾಪಾರಿಯ ಬುಟ್ಟಿಗೇ ಕೈ ಹಾಕಿದ. ಒಂದು ದಪ್ಪ ಚೆಂಡು ಹೂವು ಆರಿಸಿ ಬಾಳೆ ನಾರಿನಿಂದ ಪೆಡಲಿನ ಮೇಲೆ ಕಟ್ಟಿದ. "ಆ ಆಲದ ಮರ ಸುತ್ತಿ ಬನ್ನಿ. ದಾರಿ ಸಮ, ನಿಲ್ಲಿಸಲು ಕೈ ಬ್ರೇಕು ಸಾಕು. ಹೂವು ಹೀಗೇ ಬಂದರೆ ನನ್ನ ಬೋರ್ಡನ್ನು ನೀವೇ ಇಳಿಸಿ."

ವ್ಯಾಪಾರಿ ಹೋದ, ಬಂದ. ಬರುವಾಗ ಮುಖದಲ್ಲಿ ಗೆಲುವಿತ್ತು. "ಮುಟ್ಟಿಯೇ ಇಲ್ಲ, ನೋಡಿಕೊಳ್ಳಿ!" ಎಂದು ಜನಕ್ಕೆಲ್ಲ ಹೇಳಿದ.

ಜನ ಬಗ್ಗಿ ನೋಡಿದರು. ಪೆಡಲಿನ ಮೇಲೆ ಹೂವಿರಲಿಲ್ಲ. ಹಳದಿ ಮುದ್ದೆ ಇತ್ತು, ಅದಕ್ಕೆ ಒಂದು ನಾರು ಅಂಟಿಕೊಂಡಿತ್ತು. ವ್ಯಾಪಾರಿ ಚಪ್ಪಲಿ ತಿರುಗಿಸಿ ಅಟ್ಟೆ ನೋಡಿಕೊಂಡ. ಅದೂ ಹಳದಿ. ಬೇರೆಯವರ ಕಾಲು ತನ್ನ ಮೈಗೆ ಅಂಟಿಕೊಂಡಿದೆಯೋ ಎಂಬಂತೆ ಬಹಳ ಹೊತ್ತು ನೋಡಿದ.

ಮೆಕ್ಯಾನಿಕ್ ಸ್ಟೂಲು ಹತ್ತಿ ಬೋರ್ಡಿನ ಧೂಳು ಒರೆಸಿದ. ಅಲ್ಲಿಂದಲೇ ಹೇಳಿದ: "ಬೈಕು ಬಿದ್ದ ದಿನವೇ ಎದ್ದು ಬಂತು ಸಾವುಕಾರ್ರೇ. ನಿಮ್ಮ ಕಾಲು ಇನ್ನೂ ಆ ಮರಳಿನ ತಿರುವಿನಲ್ಲೇ ಇದೆ."

"ಹಾಗಾದರೆ ಇಳಿಜಾರಿನಲ್ಲೂ ಒತ್ತಬಾರದೇನು?" ವ್ಯಾಪಾರಿಯ ದನಿ ಇಳಿದಿತ್ತು.

"ಅಲ್ಲಿ ಒತ್ತಿ, ಧೈರ್ಯವಾಗಿ ಒತ್ತಿ. ಅಲ್ಲಿ ಹಿಡಿಯಲೆಂದೇ ಇಲ್ಲಿ ಬಿಡಬೇಕು."

ಮರುದಿನದಿಂದ ವ್ಯಾಪಾರಿ ಹೊರಡುವ ಮೊದಲು ತಾನೇ ಪೆಡಲಿಗೊಂದು ಹೂವು ಕಟ್ಟುತ್ತಿದ್ದ. ಮೊದಮೊದಲು ಊರು ದಾಟುವುದರೊಳಗೇ ಅದು ನಜ್ಜುಗುಜ್ಜಾಗುತ್ತಿತ್ತು. ಒಂದು ಬೆಳಗ್ಗೆ ಗುಡ್ಡದ ತಲೆಯ ಮೇಲೆ ನಿಂತು ನೋಡಿದಾಗ ಹೂವು ಅರಳಿದ್ದ ಹಾಗೇ ಇತ್ತು. ಅದರ ಮೇಲೆ ಕಾಲಿಟ್ಟು ಇಳಿದ. ಬ್ರೇಕು ಹಿಡಿಯಿತು.

ವಸ್ತಾದರು ಕತೆ ನಿಲ್ಲಿಸಿದರು. ಎಡ ಮೊಣಕೈ ಪಕ್ಕೆಗೆ ಒತ್ತಿಕೊಂಡೇ ಭರಮ ನಕ್ಕುಬಿಟ್ಟ. "ಕತೆ ಚೆನ್ನಾಗಿದೆ ವಸ್ತಾದರೇ. ಆದರೆ ನನ್ನ ಹತ್ತಿರ ಬೈಕೇ ಇಲ್ಲವಲ್ಲ!"

ವಸ್ತಾದರು ಎದ್ದು, ಗರಡಿಯ ಹನುಮಪ್ಪನ ಪಟಕ್ಕೆ ಹಾಕಿದ್ದ ಹಾರದಿಂದ ಒಂದು ಚೆಂಡು ಹೂವು ಬಿಡಿಸಿ ತಂದು ಅವನ ಮುಂದೆ ಹಿಡಿದರು.

"ಗಂಟು ಕೆಳಗಿಡು, ಇದನ್ನು ಎಡ ಮೊಣಕೈಯ ಒಳಮಗ್ಗುಲಿಗೆ ಕಟ್ಟಿಕೊಂಡು ಒಂದು ಸಲ ಮಣ್ಣಿಗಿಳಿ, ಹೂವು ಉಳಿದರೆ ಹೊರಡು."