ಕಾಂಡ್ಲದ ಬೇರು ಮಣ್ಣಿನಿಂದ ತಲೆ ಎತ್ತಿದ್ದು

ಭೂಮಿ ಇನ್ನೂ ಹಸಿಯಾಗಿದ್ದ ಕಾಲ. ಒತ್ತಿದರೆ ಬೆರಳಿನ ಗುರುತು ಮೂಡುತ್ತಿತ್ತಂತೆ. ಯಾವ ಕಡೆ ಹರಿಯಬೇಕೆಂದು ಹೊಳೆಗಳಿಗೆ ಗೊತ್ತಿರಲಿಲ್ಲ. ದಿನಕ್ಕೊಂದು ದಾರಿ ಹಿಡಿಯುತ್ತಿದ್ದವು. ತನ್ನ ಗಡಿ ಎಲ್ಲಿ ಎಂದು ಸಮುದ್ರಕ್ಕೂ ತಿಳಿದಿರಲಿಲ್ಲ.

ಆಗ ಕಾಂಡ್ಲ ಮರ ಈಗಿನ ಹಾಗೆ ಉಪ್ಪುನೀರಿನಲ್ಲಿ ನಿಲ್ಲುತ್ತಿರಲಿಲ್ಲ. ದೂರದ ಒಂದು ನಡುಗಡ್ಡೆಯ ದಂಡೆಯಲ್ಲಿ, ಒಣನೆಲದ ಮೇಲೆ, ಮಾವು ಹಲಸುಗಳ ಹಾಗೆಯೇ ಬೇರನ್ನು ಮಣ್ಣಿನೊಳಗೆ ಮುಚ್ಚಿಟ್ಟುಕೊಂಡು ನಿಂತಿತ್ತು. ಭೂಮಿತಾಯಿ ಮರಗಳಿಗೆಲ್ಲ ಒಂದು ಮಾತು ಹೇಳಿದ್ದಳು: ಬೇರಿಗೆ ಬಿಸಿಲು ತೋರಿಸಬೇಡಿ, ಬಿಸಿಲು ಕಂಡ ಬೇರು ಮತ್ತೆ ಮಣ್ಣಿಗೆ ಮರಳುವುದಿಲ್ಲ.

ಆ ನಡುಗಡ್ಡೆಯಲ್ಲಿ ಇಬ್ಬರು ಅಕ್ಕತಂಗಿಯರಿದ್ದರು. ಅಕ್ಕ ಮಂಕಾಳಿ, ತಂಗಿ ಸೋಮಿ. ದಂಡೆಯಿಂದ ಕೂಗಳತೆ ದೂರದಲ್ಲಿ, ನೀರಿನಡಿ, ಒಂದು ಹವಳದ ದಿಬ್ಬವಿತ್ತು. ಮಂಕಾಳಿ ಅಲ್ಲಿ ಮುಳುಗಿ ಚಿಪ್ಪು ಕಿತ್ತು ತರುತ್ತಿದ್ದಳು. ಅದೇ ಇಬ್ಬರ ಊಟ.

ಈಗ ಮುಳುಗುವವರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಕಣ್ಣಿಗೆ ಗಾಜು ಹಾಕಿಕೊಂಡು ಇಳಿಯುತ್ತಾರೆ, ನೀನೂ ನೋಡಿದ್ದೀಯ. ಮಂಕಾಳಿಗೆ ಅದೊಂದೂ ಇರಲಿಲ್ಲ. ಎದೆ ತುಂಬ ಒಂದು ಉಸಿರು, ಸೊಂಟಕ್ಕೆ ಒಂದು ನಾರಿನ ಹಗ್ಗ, ಅಷ್ಟೆ. ಹಗ್ಗದ ಇನ್ನೊಂದು ತುದಿ ದೋಣಿಯಲ್ಲಿ ಕೂತ ಸೋಮಿಯ ಕೈಯಲ್ಲಿ.

ಸೋಮಿಗೆ ನೀರೆಂದರೆ ಹೆದರಿಕೆ. ಸಣ್ಣವಳಿದ್ದಾಗ ಒಂದು ಅಲೆ ಅವಳನ್ನು ಎಳೆದುಕೊಂಡು ಹೋಗಿತ್ತು. ಅಂದಿನಿಂದ ಅವಳು ಮೊಣಕಾಲಿಗಿಂತ ಆಳಕ್ಕೆ ಇಳಿದವಳಲ್ಲ. ಅಕ್ಕ ಕೆಳಗಿದ್ದಷ್ಟು ಹೊತ್ತೂ ಅವಳು ತಾನೂ ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಸೋಮಿ ಹಾಗೆ ಬಿಗಿಹಿಡಿದ ಮೂರು ಉಸಿರು ಮುಗಿಯುವುದರೊಳಗೆ ಮಂಕಾಳಿಯ ತಲೆ ಮೇಲೆ ಕಾಣುತ್ತಿತ್ತು. ಯಾವತ್ತೂ ತಪ್ಪಿದ್ದಿಲ್ಲ.

ಒಮ್ಮೆ ಮೂರು ದಿನ ಗಾಳಿ ಬೀಸಿತು. ದೋಣಿ ಇಳಿಸಲಾಗಲಿಲ್ಲ, ಮನೆಯಲ್ಲಿ ತಿನ್ನಲು ಏನೂ ಉಳಿಯಲಿಲ್ಲ. ನಾಲ್ಕನೆಯ ಬೆಳಿಗ್ಗೆ ಅಲೆ ಅಡಗಿದಾಗ ಮಂಕಾಳಿ ಮುಳುಗಿದಳು. ದಿಬ್ಬದ ಬುಡದಲ್ಲಿ ಒಂದು ಗುಹೆ ಕಂಡಿತು. ಒಳಗೋಡೆಯ ತುಂಬ ಚಿಪ್ಪು, ಒಂದರ ಮೇಲೊಂದು.

ಬಾಗಿಲಲ್ಲಿ ಮುದಿ ಗೊಬ್ರ ಮೀನು ಮಲಗಿತ್ತು. ಅದು ದಪ್ಪ ತುಟಿ ಬಿಚ್ಚಿ ಹೇಳಿತು: "ಒಳಗೆ ಹೋಗಬೇಡ ಮಗಳೇ. ಈ ಹವಳ ಇನ್ನೂ ಎಳೆಯದು. ಬೆಳೆಯುವುದನ್ನು ಎಲ್ಲಿ ನಿಲ್ಲಿಸಬೇಕು ಅಂತ ಅದಕ್ಕೆ ತಿಳಿಯದು."

ಮಂಕಾಳಿ ಹಸಿದಿದ್ದಳು. ಒಂದೇ ಒಂದು ಮಡಿಲು, ತುಂಬಿಕೊಂಡು ಬಂದುಬಿಡುತ್ತೇನೆ ಅಂದುಕೊಂಡು ಒಳಗೆ ಹೋದಳು.

ತಿರುಗಿ ನೋಡಿದಾಗ ಬಾಗಿಲಿನ ಬೆಳಕು ತಟ್ಟೆಯಷ್ಟಾಗಿತ್ತು. ಅವಳು ಚಿಪ್ಪು ಚೆಲ್ಲಿ ಈಜಿದಳು. ಬೆಳಕು ವೀಳ್ಯದೆಲೆಯಷ್ಟಾಯಿತು. ಕೈ ಚಾಚುವಷ್ಟರಲ್ಲಿ ಹುಣಿಸೆಬೀಜದಷ್ಟಾಯಿತು. ಆಮೇಲೆ ಬೆಳಕೇ ಇರಲಿಲ್ಲ. ಹಗ್ಗ ಹವಳದ ನಡುವೆ ಸಿಕ್ಕಿ ಕತ್ತರಿಸಿಹೋಯಿತು.

ಮೇಲೆ ಸೋಮಿಯ ಮೂರು ಉಸಿರು ಮುಗಿದವು. ನಾಲ್ಕನೆಯದೂ ಮುಗಿಯಿತು. ಅವಳು ಹಗ್ಗ ಎಳೆದಳು. ಹಗ್ಗ ಹಗುರವಾಗಿ ಬಂತು. ಬರಬಾರದಷ್ಟು ಹಗುರವಾಗಿ. ತುದಿಯನ್ನು ಯಾರೋ ಕಚ್ಚಿ ತುಂಡರಿಸಿದ ಹಾಗಿತ್ತು.

ಅವಳು ನೀರಿಗೆ ಬಾಯಿಟ್ಟು ಅಕ್ಕನ ಹೆಸರು ಕೂಗಿದಳು. ಮೇಲೆ ಬಂದದ್ದು ಗೊಬ್ರ. "ಬಾಗಿಲು ಮುಚ್ಚಿಹೋಯಿತು," ಎಂದಿತು. "ಆದರೆ ಗುಹೆ ದಂಡೆಯ ಕಡೆಗೇ ಹೋಗಿದೆ, ಕಾಂಡ್ಲದ ಬುಡದ ತನಕ. ಅಲ್ಲಿಗೆ ಹೋಗು." ಸೋಮಿ ದಂಡೆಯ ಕಡೆಗೆ ಹುಟ್ಟು ಹಾಕಿದಳು.

ಒಳಗೆ ಮಂಕಾಳಿ ಕತ್ತಲೆಯಲ್ಲಿ ಗೋಡೆ ತಡಕುತ್ತ ಮುಂದೆ ಮುಂದೆ ಹೋದಳು. ಗುಹೆ ಮೇಲಕ್ಕೆ ಏರಿತು. ಎದೆ ಒಡೆಯುವ ಹೊತ್ತಿಗೆ ತಲೆ ನೀರಿನಿಂದ ಹೊರಬಂತು. ಅಲ್ಲಿ ಒಂದು ಮಡಕೆಯಲ್ಲಿ ಹಿಡಿಸುವಷ್ಟು ಗಾಳಿ ಇತ್ತು. ಮೇಲೆ ಮಣ್ಣು. ಮಣ್ಣಿನಿಂದ ಎಳೆ ಎಳೆಯಾಗಿ ಏನೋ ಇಳಿದು ಮುಖಕ್ಕೆ ತಾಗಿತು. ಮುಳುಗಿ ಸತ್ತವರ ಕೂದಲು ಅಂದುಕೊಂಡು ಅವಳು ಕಿರುಚಲೂ ಆಗದೆ ಕಣ್ಣು ಮುಚ್ಚಿಕೊಂಡಳು. ಅದು ಕಾಂಡ್ಲದ ಬೇರು.

ಗಾಳಿ ಬಿಸಿಯಾಗುತ್ತ ಬಂತು, ಉಸಿರೆಳೆದರೂ ಎಳೆದ ಹಾಗೆ ಆಗುತ್ತಿರಲಿಲ್ಲ. ಮಂಕಾಳಿ ಬೇರನ್ನು ಹಿಡಿದು ಹೇಳಿದಳು: "ಯಾರಾದರೂ ಇದ್ದೀರಾ? ನನಗೆ ಉಸಿರು ಸಾಲುತ್ತಿಲ್ಲ."

ಮರಕ್ಕೆ ಕೇಳಿಸಿತು. ಅದೂ ಹೆದರಿತು. ಏನು ಮಾಡಲಿ ಎಂದು ಗಾಳಿಯನ್ನು ಕೇಳಿತು. ಗಾಳಿ ಮುಚ್ಚುಮರೆ ಮಾಡಲಿಲ್ಲ. "ನೀನು ಬೇರು ಮೇಲೆತ್ತಿದರೆ ನಾನು ಅದರೊಳಗಿಂದ ಇಳಿಯಬಲ್ಲೆ. ಆದರೆ ನೆಲ ಬಿರಿಯುತ್ತದೆ, ಬಿರಿದಲ್ಲಿಗೆ ಸಮುದ್ರ ಬರುತ್ತದೆ. ಬಂದದ್ದು ಹೋಗುವುದಿಲ್ಲ."

ಕೆಳಗೆ ಬೇರು ಹಿಡಿದಿದ್ದ ಕೈ ಸಡಿಲವಾಗುತ್ತಿತ್ತು. ಒಂದು ಬೆರಳು ಬಿಟ್ಟಿತು. ಇನ್ನೊಂದು ಬಿಟ್ಟಿತು. ಮೂರನೆಯದು ಬಿಡುವ ಮೊದಲೇ ಮರ ಬೇರೆತ್ತಿತು.

ಸೋಮಿ ದಂಡೆಗೆ ಬಂದಾಗ ಕಂಡದ್ದು ಅದೇ. ಅವಳ ಕಾಲ ಮುಂದೆ ಮಣ್ಣು ಉಬ್ಬಿ ಕಪ್ಪಗೆ ಚೂಪಾಗಿ ಬೆರಳಿನಂಥದ್ದೊಂದು ಮೇಲೆದ್ದಿತು. ಪಕ್ಕದಲ್ಲಿ ಇನ್ನೊಂದು. ಹಿಂದೆ ಹತ್ತು. ಸತ್ತವರೆಲ್ಲ ಮಣ್ಣಿನಡಿಯಿಂದ ಕೈ ಚಾಚುತ್ತಿದ್ದಾರೆ ಅನ್ನಿಸಿ ಅವಳು ಓಡಲು ತಿರುಗಿದಳು.

ಆಗ ಆ ಬೆರಳುಗಳಿಂದ ಸಣ್ಣ ಸದ್ದು ಕೇಳಿಸಿತು. ಒಳಗೆ ಹೋಗುವ ಉಸಿರು, ಹೊರಗೆ ಬರುವ ಉಸಿರು. ಹುಟ್ಟಿದಂದಿನಿಂದ ಒಂದೇ ಚಾಪೆಯಲ್ಲಿ ಮಲಗಿ ಕೇಳಿದ್ದ ಉಸಿರು ಅದು. ಸೋಮಿ ಮೊಣಕಾಲೂರಿ, ಬೇರುಗಳ ನಡುವೆ ಎರಡೂ ಕೈಯಿಂದ ಬಗೆಯತೊಡಗಿದಳು.

ಅಷ್ಟರಲ್ಲಿ ನೆಲ ಕುಸಿಯಿತು, ಸಮುದ್ರ ಬಂತು. ಕೂತವಳ ತೊಡೆಗೆ ಬಂತು, ಸೊಂಟಕ್ಕೆ ಬಂತು. ಅವಳು ಬಗೆದ ಗುಂಡಿ ನೀರಿನಡಿ ಹೋಯಿತು. ಸೋಮಿ ಒಂದು ಉಸಿರು ಎಳೆದುಕೊಂಡು ತಲೆ ಮುಳುಗಿಸಿದಳು. ತೋಳನ್ನು ಭುಜದ ತನಕ ಕೆಸರಿಗೆ ತೂರಿಸಿದಳು. ಕೂದಲು ಸಿಕ್ಕಿತು. ಎಳೆದಳು.

ಮಂಕಾಳಿ ಮೈಯೆಲ್ಲ ಕೆಸರಾಗಿ ಹೊರಬಂದಳು, ಅಲುಗಾಡಲಿಲ್ಲ. ಸೋಮಿ ಅವಳನ್ನು ದಿಣ್ಣೆಗೆ ಎಳೆದು ಬೆನ್ನು ತಟ್ಟುತ್ತ ಕೂತಳು. "ಉಸಿರು ಬಿಡಕ್ಕಾ," ಎನ್ನುತ್ತಿದ್ದಳು. "ಒಂದು ಸಲ ಬಿಡು. ಇನ್ನೊಂದು ಸಲ ಬಿಡು." ಬಹಳ ಹೊತ್ತಿನ ಮೇಲೆ ಮಂಕಾಳಿ ಕೆಮ್ಮಿ, ಕೆಸರು ಉಗುಳಿ, ತಂಗಿಯ ಸೆರಗು ಹಿಡಿದುಕೊಂಡಳು.

ಸಂಜೆ ನೀರು ಇಳಿಯಿತು, ಆದರೆ ಮತ್ತೆ ಬಂತು. ದಿನಕ್ಕೆ ಎರಡು ಸಲ ಬರುವುದು ರೂಢಿಯಾಯಿತು. ಮರ ಬೇರನ್ನು ಒಳಗೆ ಎಳೆದುಕೊಳ್ಳಲು ನೋಡಿತು, ಆಗಲಿಲ್ಲ. ಉಪ್ಪು ಕೆಸರಿನಲ್ಲಿ ಅದಕ್ಕೇ ಉಸಿರು ಕಟ್ಟಿತು. ಮೇಲೆತ್ತಿದ ಬೇರುಗಳಿಂದಲೇ ಅದು ಉಸಿರಾಡುವುದನ್ನು ಕಲಿಯಿತು. ಕುಡಿದ ಉಪ್ಪನ್ನು ಎಲೆಯ ಮೇಲೆ ಬೆವರಿತು.

ಹವಳಕ್ಕೆ ತಾನು ಮಾಡಿದ್ದು ತಿಳಿದು ಮೈ ಝುಂ ಎಂದಿತು. ಅಂದಿನಿಂದ ಅದು ಹೆದರಿ ಹೆದರಿ, ವರ್ಷಕ್ಕೆ ಉಗುರಿನಷ್ಟೇ ಬೆಳೆಯುತ್ತದೆ. ಅಕ್ಕತಂಗಿಯರು ಬದುಕಿರುವ ತನಕ ದಿನವೂ ನೀರಿಳಿದಾಗ ಬಂದು, ಬೇರುಗಳಿಗೆ ಸಿಕ್ಕಿದ ಕಸಕಡ್ಡಿ ಬಿಡಿಸಿ ಹೋಗುತ್ತಿದ್ದರು.

ಈಗಲೂ ನೀರಿಳಿದ ಹೊತ್ತಿಗೆ ಕಾಂಡ್ಲದ ಸುತ್ತ ಕೆಸರಿನಲ್ಲಿ ನೂರಾರು ಕಪ್ಪು ಬೆರಳುಗಳು ನಿಂತಿರುವುದು ಕಂಡರೆ ಹೆದರಬೇಡ, ತುಳಿಯಲೂ ಬೇಡ ಮಗಾ. ಆ ಮರ ಅವುಗಳಿಂದಲೇ ಉಸಿರಾಡುತ್ತಿದೆ.