ಹುಲಿಯನ ಕಂಬಳಿ

ಕರಿಗುಡ್ಡ ಅಂತ ಒಂದು ಸೀಮೆ. ಆ ಸೀಮೆಗೊಬ್ಬ ದೊರೆ. ದೊರೆ ಇದ್ದಮೇಲೆ ಪ್ರಜೆಗಳೂ ಇರಬೇಕಲ್ಲ ಮಕ್ಕಳೇ, ಆ ಪ್ರಜೆಗಳಲ್ಲಿ ಕೆಂಚವ್ವ ಅಂತ ಒಬ್ಬಳು ಮುದುಕಿ. ಅವಳ ಕೆಲಸ ಕಂಬಳಿ ನೇಯುವುದು. ಗಂಡ ತೀರಿಕೊಂಡಿದ್ದ. ಇದ್ದೊಬ್ಬ ಮಗಳನ್ನು ದೂರದ ಕುರಿಹಟ್ಟಿಗೆ ಕೊಟ್ಟಿದ್ದಳು. ಮನೆಯಲ್ಲಿ ಉಳಿದದ್ದು ಅವಳು, ಅವಳ ಮಗ್ಗ, ಮತ್ತೊಂದು ಮುದಿ ನಾಯಿ.

ನಾಯಿಯ ಹೆಸರು ಹುಲಿಯ. ಹೆಸರಷ್ಟೇ ಹುಲಿಯದು, ಕೋಳಿ ರೆಕ್ಕೆ ಬಡಿದರೂ ಒಳಗೆ ಓಡುತ್ತಿದ್ದ. ‘ಓಡುತ್ತಿದ್ದ’ ಅಂತ ಯಾಕೆ ಹೇಳಿದೆ ಅಂದರೆ, ಕೆಂಚವ್ವ ಅವನನ್ನು ಎಂದೂ ‘ಅದು’ ಅಂದವಳಲ್ಲ. ಅವಳು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ, ಅವನು ಗುಂಡಿಗಿಳಿದು ಆ ಕಾಲುಗಳ ಮೇಲೆ ಮಲಗುತ್ತಿದ್ದ. ಚಳಿಗಾಲದಲ್ಲೂ ಅವಳ ಕಾಲು ಬೆಚ್ಚಗಿರುತ್ತಿತ್ತು.

ಇನ್ನೊಂದು ಮಾತು ನೆನಪಿಟ್ಟುಕೊಳ್ಳಿ. ಕಂಬಳಿ ನೇಯುವವರು ನೂಲಿಗೆ ಹುಣಸೆ ಬೀಜದ ಗಂಜಿ ಬಳಿಯುತ್ತಾರೆ. ಬೀಜವನ್ನು ಹುರಿದು, ಅರೆದು, ಕುದಿಸಿ ಮಾಡುವ ಅಂಟು ಅದು. ಅದರಿಂದಲೇ ಹೊಸ ಕಂಬಳಿ ಹಲಗೆಯ ಹಾಗೆ ಬಿರುಸಾಗಿರುತ್ತದೆ. ಯಾರಾದರೂ ಹೊದ್ದು, ಹಾಸಿ, ಮಲಗಿದರೆ ಮಾತ್ರ ಮೆತ್ತಗಾಗುತ್ತದೆ. ಆ ಗಂಜಿ ಒಂದು ಬಗೆಯ ತಿನಿಸೇ. ಆದರೆ ಹುಲಿಯ ಅದನ್ನು ಮೂಸಿಯೂ ನೋಡುತ್ತಿರಲಿಲ್ಲ. ಯಾಕೆ ನೋಡಬೇಕು? ಕೆಂಚವ್ವನ ಮನೆಯಲ್ಲಿ ಮೊದಲ ಮುದ್ದೆ ಅವನದೇ ಆಗಿತ್ತು.

ಹೀಗಿರುವಾಗ ಹಟ್ಟಿಯಿಂದ ಸುದ್ದಿ ಬಂತು. ಮಗಳಿಗೆ ದಿನ ತುಂಬಿದೆ, ಬಾಣಂತನಕ್ಕೆ ಅವ್ವ ಬರಬೇಕು. ಕೆಂಚವ್ವ ಹಿಗ್ಗಿದಳು. ಹಿಗ್ಗಿದ ಗಳಿಗೆಯಲ್ಲೇ ಕುಗ್ಗಿದಳು. ಹುಲಿಯನನ್ನು ಕರೆದೊಯ್ಯುವ ಹಾಗಿರಲಿಲ್ಲ. ಕುರಿಹಟ್ಟಿಯ ನಾಯಿಗಳು ತೋಳವನ್ನೇ ಸೀಳುವಂಥವು. ಗುರುತಿಲ್ಲದ ಮುದಿ ನಾಯಿಯನ್ನು ಬಿಟ್ಟಾವೆಯೇ?

ಮೊದಲು ಕುಂಬಾರರ ದ್ಯಾಮಕ್ಕನ ಬಾಗಿಲಿಗೆ ಹೋದಳು. ದ್ಯಾಮಕ್ಕ ಕೈಯ ಮಣ್ಣು ಒರೆಸಿಕೊಂಡು ಹೇಳಿದಳು: “ಅಂಗಳದ ತುಂಬ ಹಸಿ ಗಡಿಗೆ ಐತವ್ವ. ಅವನು ಒಂದು ತುಳಿದ್ರೆ ನಂಗೆ ಸಿಟ್ಟು ಬರ್ತದೆ. ಸಿಟ್ಟು ಬಂದ್ರೆ ಹೊಡೀತೀನಿ. ನನ್ನ ಕೈಲಾಗಲ್ಲ.”

ಕೆಂಚವ್ವನಿಗೆ ಬೇಜಾರಾಯಿತು.

ಆಮೇಲೆ ಅಗಸರ ಮೈಲಾರಿಯ ಬಾಗಿಲಿಗೆ ಹೋದಳು. ಮೈಲಾರಿ ಹೇಳಿದ: “ನನ್ನ ಕತ್ತೆ ನೋಡಿದೀಯಲ್ಲಜ್ಜಿ? ನನ್ನನ್ನೇ ಒದೀತದೆ. ನಿನ್ನ ನಾಯೀನ ಉಳಿಸ್ತದಾ? ನಾನು ದಿನವೆಲ್ಲ ಹಳ್ಳದಾಗಿರ್ತೀನಿ. ಆಗಲ್ಲ.”

ಕೆಂಚವ್ವನಿಗೆ ಸಿಟ್ಟೇ ಬಂತು.

ಮೂರನೆಯದು ಸಣ್ಣೀರಪ್ಪನ ಬಾಗಿಲು. ಸಣ್ಣೀರಪ್ಪ ಒಂಟಿ ಮನುಷ್ಯ, ಒಂದು ಹಸು ಕಟ್ಟಿಕೊಂಡಿದ್ದ. ಹಣೆ ತುಂಬ ವಿಭೂತಿ, ಬಾಯಿ ತುಂಬ ದೇವರ ಹೆಸರು. ಅವಳು ಇನ್ನೂ ಮಾತು ಮುಗಿಸಿರಲಿಲ್ಲ.

“ಬಿಟ್ಟು ಹೋಗವ್ವ!” ಅಂದ. “ನಾಯಿ ಅಂದ್ರೆ ಯಾರು? ಭೈರವದೇವರ ವಾಹನ! ನನ್ನ ಮನೇಗೆ ದೇವರೇ ಬಂದ ಹಾಗಾಯ್ತು.”

ಕೆಂಚವ್ವ ಅವನ ಕಾಲಿಗೆ ಬೀಳುವುದೊಂದು ಬಾಕಿ. ಒಂದು ಚೀಲ ರಾಗಿ ಹಿಟ್ಟು ತಂದಿಟ್ಟಳು. ಮಗ್ಗದಿಂದ ಆಗಷ್ಟೇ ಇಳಿಸಿದ ಹೊಸ ಕಂಬಳಿಯನ್ನೂ ತಂದಳು. “ಇದರಲ್ಲಿ ನನ್ನ ಕೈವಾಸನೆ ಐತಪ್ಪ. ಇದರ ಮೇಲೆ ಮಲಗಿಸು. ನಾನು ಹತ್ರಾನೇ ಇದೀನಿ ಅಂದ್ಕೋತಾನೆ.” ಹುಲಿಯ ಬಾಲ ಆಡಿಸುತ್ತ ಅವಳ ಹಿಂದೆ ಹೊರಟ. ಸಣ್ಣೀರಪ್ಪ ಹಗ್ಗ ಹಿಡಿದುಕೊಂಡ. ಅವಳು ತಿರುಗಿ ನೋಡಲಿಲ್ಲ. ನೋಡಿದರೆ ಹೋಗಲಾರೆ ಅಂತ ಅವಳಿಗೆ ಗೊತ್ತಿತ್ತು.

ಹಟ್ಟಿಯಲ್ಲಿ ಮೊಮ್ಮಗಳು ಹುಟ್ಟಿದಳು. ಎಣ್ಣೆ ನೀರು, ಹೊಗೆ, ಖಾರ, ಎಲ್ಲ ನಡೆಯಿತು. ಆದರೆ ಊರ ಕಡೆಯಿಂದ ಯಾರು ಬಂದರೂ ಕೆಂಚವ್ವ ಓಡಿಹೋಗಿ ಕೇಳುವಳು: “ನಮ್ಮ ಹುಲಿಯ ಹೇಗಿದಾನೆ?”

ಮೊದಲು ಉಪ್ಪು ಮಾರುವವನು ಬಂದ. “ಸಣ್ಣೀರಪ್ಪ ಹೇಳಿದ್ನಜ್ಜಿ, ಹಾಕಿದ್ದೆಲ್ಲ ತಿಂತಾನಂತೆ, ಒಂದಗಳೂ ಬಿಡಲ್ಲವಂತೆ.” ಅವಳು ನಕ್ಕಳು.

ಆಮೇಲೆ ಉಣ್ಣೆ ಕೊಳ್ಳುವವನು ಬಂದ. “ಬೊಗಳೋದೇ ಬಿಟ್ಟಿದಾನಂತಜ್ಜಿ. ಅಷ್ಟು ಸಮಾಧಾನವಂತೆ.” ಅವಳು ನಕ್ಕಳು.

ಕೊನೆಗೆ ಒಬ್ಬ ಜಂಗಮ ಬಂದ. “ಮಲಗಿದಲ್ಲಿಂದ ಏಳೋದೇ ಇಲ್ಲವಂತೆ ತಾಯೀ.” ಈ ಸಲ ನಗು ಅರ್ಧಕ್ಕೇ ನಿಂತಿತು. ಕೋಳಿಗೆ ಹೆದರಿ ಓಡುವವನು ಏಳುವುದೇ ಇಲ್ಲವೆಂದರೇನು? ಮಾರನೆಯ ದಿನವೇ ಬುತ್ತಿ ಕಟ್ಟಿಕೊಂಡು ಊರಿಗೆ ಹೊರಟಳು.

ಸಣ್ಣೀರಪ್ಪ ಬಾಗಿಲಲ್ಲೇ ಸಿಕ್ಕ. ಅವಳನ್ನು ಕಂಡವನೇ ಎದೆ ಬಡಿದುಕೊಂಡ.

“ಅಯ್ಯೋ ಕೆಂಚವ್ವಾ! ಹೋಗಿಬಿಟ್ನಲ್ಲವ್ವಾ! ಮುಪ್ಪು. ಉಂಡು ಮಲಗಿದವನು ಏಳಲಿಲ್ಲ. ತಗೋ, ನಿನ್ನ ಕಂಬಳಿ. ಪರರ ವಸ್ತು ನನಗೆ ಬೇಡ.”

ಅವಳು ಅಳಲಿಲ್ಲ. ಮಡಿಸಿದ ಕಂಬಳಿಯನ್ನು ಎದೆಗೊತ್ತಿಕೊಂಡು ಮನೆಗೆ ಬಂದು, ಮಗ್ಗದ ಮೇಲೆ ಬಿಡಿಸಿದಳು. ನೋಡಿದಳು. ಕೈಯಾಡಿಸಿದಳು. ಮೂಸಿದಳು. ಆಗ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಕಂಬಳಿಯನ್ನು ಮೊದಲಿದ್ದ ಹಾಗೇ ಮಡಿಸಿಟ್ಟಳು.

ಆ ವಾರ ದೊರೆ ಆ ಊರ ಚಾವಡಿಗೆ ಬಂದ. ಊರೆಲ್ಲ ಸೇರಿತು. ಕೆಂಚವ್ವ ಕಂಬಳಿ ಕಂಕುಳಲ್ಲಿಟ್ಟುಕೊಂಡು ಮುಂದೆ ಬಂದಳು. “ಬುದ್ಧೀ, ನಮ್ಮೂರ ಸಣ್ಣೀರಪ್ಪ ನನ್ನ ನಾಯೀನ ನೋಡಿಕೊಂಡ. ಹೇಗೆ ನೋಡಿಕೊಂಡ ಅನ್ನೋದು ತಮ್ಮೆದುರಿಗೇ ನಾಲ್ಕು ಜನಕ್ಕೆ ಗೊತ್ತಾಗಬೇಕು.”

ದೊರೆಯ ಮುಂದೆ ತನ್ನನ್ನು ಹೊಗಳುತ್ತಾಳೆ ಅಂತ ಸಣ್ಣೀರಪ್ಪ ವಲ್ಲಿ ಸರಿಮಾಡಿಕೊಂಡು ಬಂದು ನಿಂತ.

“ಏನು ಉಣ್ಣಿಸಿದೆಯಪ್ಪ?” ಅಂದಳು ಕೆಂಚವ್ವ.

“ನೀನು ಕೊಟ್ಟ ಹಿಟ್ಟೆಲ್ಲ ಅವನಿಗೇ. ಮೇಲೆ ನಮ್ಮ ಹಸುವಿನ ಹಾಲು. ಹೊಟ್ಟೆ ಡೋಲಿನ ಹಾಗಿತ್ತು!”

“ಎಲ್ಲಿ ಮಲಗಿಸಿದೆ?”

“ಇದೇ ಕಂಬಳಿ ಮೇಲೆ. ದಿನಾ. ಒಂದು ಗಳಿಗೇನೂ ಕಟ್ಟಿಹಾಕಿಲ್ಲ.”

“ಈ ಕಂಬಳೀನ ಬೇರೆ ಯಾವ ಜೀವ ಆದ್ರೂ ಮುಟ್ಟಿತ್ತಾ? ನಿನ್ನ ಹಸು? ಇಲಿ? ಹೆಗ್ಗಣ?”

ಸಣ್ಣೀರಪ್ಪ ಕಿವಿ ಮುಟ್ಟಿಕೊಂಡ. “ಭೈರವನಾಣೆ! ನನ್ನ ಮನೇಲಿ ಇಲಿ ಎಲ್ಲಿಂದ ಬರಬೇಕು? ಹುಲಿಯ ಬಿಟ್ಟು ಇನ್ನೊಂದು ಜೀವ ಇದನ್ನ ಮುಟ್ಟಿಲ್ಲ.”

ಆಗ ಕೆಂಚವ್ವ ಕಂಬಳಿ ಬಿಡಿಸಿದಳು.

ಒಂದು ಅಂಚು ಇರಲೇ ಇಲ್ಲ. ಅರ್ಧ ಚಂದ್ರನ ಆಕಾರದಲ್ಲಿ ಯಾರೋ ತಿಂದು ತೆಗೆದ ಹಾಗಿತ್ತು.

“ಬುದ್ಧೀ, ನೂಲಿಗೆ ಹುಣಸೆ ಬೀಜದ ಗಂಜಿ ಬಳಿದಿರ್ತೀವಿ. ಹೊಟ್ಟೆ ತುಂಬಿದ ನಾಯಿ ಕಂಬಳಿ ತಿನ್ನಲ್ಲ. ನನ್ನ ಹುಲಿಯ ಆ ಗಂಜಿಗೋಸ್ಕರ ಉಣ್ಣೇನ ಅಗಿದಿದಾನೆ. ಮಿಕ್ಕದ್ದನ್ನ ಮುಟ್ಟಿ ನೋಡಿ, ಮಗ್ಗದಿಂದ ಇಳಿಸಿದ ಹಾಗೇ ಬಿರುಸಾಗಿದೆ. ಇದರ ಮೇಲೆ ಯಾರೂ ಒಂದು ದಿನಾನೂ ಮಲಗಿಲ್ಲ. ಇನ್ನು ಈ ಅರ್ಧ ಚಂದ್ರ ಯಾಕೆ? ಹಗ್ಗ ಗಿಡ್ಡ ಇತ್ತು. ಕತ್ತು ಎಷ್ಟು ದೂರ ನಿಲುಕಿತೋ ಅಷ್ಟೇ ತಿಂದ. ಅದರಾಚೆಗೆ ನಿಲುಕಲಿಲ್ಲ.”

ಕತ್ತಲಲ್ಲಿ ಕಂಬಳಿ ಮಡಿಸಿಟ್ಟಿದ್ದ ಸಣ್ಣೀರಪ್ಪ ಆ ಅಂಚನ್ನು ನೋಡಿಯೇ ಇರಲಿಲ್ಲ. ಇಲಿ ಅನ್ನಬೇಕೆಂದರೆ ಆಣೆ ಇಟ್ಟಾಗಿತ್ತು. ಹಸು ಅನ್ನಬೇಕೆಂದರೂ ಆಣೆ ಇಟ್ಟಾಗಿತ್ತು. ತನ್ನ ಬಾಗಿಲುಗಳನ್ನೆಲ್ಲ ತಾನೇ ಮುಚ್ಚಿಕೊಂಡಿದ್ದ.

“ನಾಯಿಗೆ ಅಷ್ಟು ಹಿಟ್ಟು ಯಾಕೆ ಅನ್ನಿಸ್ತು ಬುದ್ಧೀ,” ಅಂದ, ನೆಲ ನೋಡುತ್ತ. “ನಾನೇ ಉಂಡೆ.”

ದೊರೆ ಕಂಬಳಿಯನ್ನು ತಾನೇ ಮುಟ್ಟಿ ನೋಡಿದ. ಆಮೇಲೆ ಅಪ್ಪಣೆ ಮಾಡಿದ: “ಮನೆಯಿಂದ ಹೊರಗೆ ಕಾಲಿಟ್ಟಾಗಲೆಲ್ಲ ಈ ಕಂಬಳಿ ನಿನ್ನ ಹೆಗಲ ಮೇಲಿರಲಿ. ತಿಂದ ಅಂಚು ಮುಂದಕ್ಕಿರಲಿ.”

ಬೇಸಗೆ ಬಂತು. ದೂರದ ಊರಲ್ಲಿ ಸಣ್ಣೀರಪ್ಪನ ಅಕ್ಕ ಹಾಸಿಗೆ ಹಿಡಿದಳು. ತಮ್ಮನ ಮುಖ ನೋಡಬೇಕು ಅಂತ ಹೇಳಿ ಕಳಿಸಿದಳು. ಅವನು ಹೋಗಬೇಕಿತ್ತು. ಹಸುವನ್ನು ಯಾರಿಗೆ ಬಿಡುವುದು?

ಕಂಬಳಿ ಹೊದ್ದು, ಹಸು ಹಿಡಿದುಕೊಂಡು ದ್ಯಾಮಕ್ಕನ ಬಾಗಿಲಿಗೆ ಹೋದ. “ನಾನೇನು ಹೇಳಲಿ?” ಅಂದಳು ದ್ಯಾಮಕ್ಕ. “ನಿನ್ನ ಹೆಗಲ ಮೇಲಿರೋದೇ ಎಲ್ಲ ಹೇಳ್ತಾ ಐತಲ್ಲ.”

ಮೈಲಾರಿಯ ಬಾಗಿಲಿಗೆ ಹೋದ. “ತಡಿ, ಕತ್ತೇನ ಕೇಳ್ತೀನಿ,” ಅಂತ ಮೈಲಾರಿ ಒಳಗೆ ಹೋಗಿ ಬಂದ. “ನಿನ್ನ ಸಾವಾಸ ಬೇಡ ಅಂತು.”

ಉಳಿದದ್ದು ಒಂದೇ ಬಾಗಿಲು. ಕೆಂಚವ್ವ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದಳು. ಬಿಸಿಲು ಸುಡುತ್ತಿತ್ತು, ಅವಳ ಕಾಲು ಮಾತ್ರ ತಣ್ಣಗಿತ್ತು. ಅವನು ಕೇಳುವ ಮೊದಲೇ ಅವಳು ಎದ್ದು ಬಂದು ಹಸುವಿನ ಹಗ್ಗ ಹಿಡಿದುಕೊಂಡಳು. ಬೆನ್ನು ಸವರಿದಳು. ನೀರಿಟ್ಟಳು.

ಸಣ್ಣೀರಪ್ಪನ ಕಣ್ಣು ತುಂಬಿತು. “ನನ್ನನ್ನ ಕ್ಷಮಿಸಿದೆಯಾ ಅವ್ವ?”

“ಇಲ್ಲ,” ಅಂದಳು ಕೆಂಚವ್ವ. “ಹಸು ಏನೂ ತಪ್ಪು ಮಾಡಿಲ್ಲ, ಅದಕ್ಕೆ. ನೀನು ಹೋಗು.”

ಅವನು ಹೋದ. ಹಸುವಿಗೆ ಹುಲ್ಲು ಹಾಕಿದ ಮೇಲೇ ಅವಳು ಉಂಡಳು.

ಇದರ ನೀತಿ ನಿಮಗೆ ತಿಳಿದೇ ಇರುತ್ತದೆ, ಆದರೂ ಬಿಡಿಸಿ ಹೇಳುತ್ತೇನೆ. ಆಗಲ್ಲ ಅಂತ ಮುಖದ ಮೇಲೆ ಹೇಳಿದ ದ್ಯಾಮಕ್ಕ, ಮೈಲಾರಿ ಯಾರನ್ನೂ ಕೊಲ್ಲಲಿಲ್ಲ. ಸಿಹಿಯಾಗಿ ಹೂಂ ಅಂದವನು ಕೊಂದ. ಮಾತು ಬಾರದ ಜೀವವನ್ನು ನಿಮ್ಮ ಕೈಗೆ ಕೊಟ್ಟರೆ, ಅದಕ್ಕೆ ಉಣ್ಣಿಸಿ ಆಮೇಲೆ ನೀವು ಉಣ್ಣಿ. ಆಗದಿದ್ದರೆ ಹಗ್ಗ ಹಿಡಿಯುವ ಮೊದಲೇ ಆಗದು ಅನ್ನಿ. ಹಸಿದದ್ದನ್ನು ಅದು ಬಾಯಿಬಿಟ್ಟು ಹೇಳಲಾರದು, ನಿಜ. ಆದರೆ ಎಲ್ಲೋ ಒಂದು ಅಂಚಿನಲ್ಲಿ ಅದರ ಹಲ್ಲಿನ ಗುರುತು ಉಳಿದೇ ಉಳಿಯುತ್ತದೆ.